ವಿಲಿಯಂ ಬ್ಯಾಂಟಿಂಗ್

ವಿಲಿಯಂ ಬ್ಯಾಂಟಿಂಗ್ (ಡಿಸೆಂಬರ್ 1796 – ಮಾರ್ಚ್ 16, 1878) ಲಂಡನ್ ನಗರದ ಪ್ರಸಿದ್ಧ ಶವಸಂಸ್ಕಾರ ವ್ಯವಸ್ಥಾಪಕರು. ತಮ್ಮ 66ನೆಯ ವಯಸ್ಸಿನ ಹೊತ್ತಿಗೆ ಸಕ್ಕರೆ, ಬ್ರೆಡ್, ಆಲೂಗಡ್ಡೆ, ಹಾಲು, ಬೆಣ್ಣೆ ಹಾಗೂ ಬಿಯರ್‌ಗಳನ್ನು ತ್ಯಜಿಸಿ, ಒಂದು ವರ್ಷಕ್ಕೆ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ 46 ಪೌಂಡ್ (ಸುಮಾರು 21 ಕಿಲೋಗ್ರಾಂ) ತೂಕವನ್ನು ಇಳಿಸಿಕೊಂಡರು. ಈ ಅನುಭವವನ್ನು ವಿವರಿಸಿ 1863ರಲ್ಲಿ ಅವರು ಪ್ರಕಟಿಸಿದ 'ಲೆಟರ್ ಆನ್ ಕಾರ್ಪ್ಯುಲೆನ್ಸ್' ಎಂಬ ಕಿರುಹೊತ್ತಗೆಯು ಜನಸಾಮಾನ್ಯರ ನಡುವೆ ವ್ಯಾಪಕವಾಗಿ ಹರಡಿದ ಮೊದಲ ಪಥ್ಯಾಹಾರ ಪುಸ್ತಕಗಳಲ್ಲಿ ಒಂದು. ಬ್ಯಾಂಟಿಂಗ್ ವೈದ್ಯರೂ ಅಲ್ಲ, ವಿಜ್ಞಾನಿಯೂ ಅಲ್ಲ. ಆದರೂ ಅವರ ಹೆಸರು ಇಂಗ್ಲಿಷ್ ಭಾಷೆಯಲ್ಲಿ ಪಥ್ಯ ಮಾಡುವುದನ್ನು ಸೂಚಿಸುವ ಕ್ರಿಯಾಪದವಾಗಿ ಬಳಕೆಗೆ ಬಂದಿತು.

ಕುಟುಂಬ ಮತ್ತು ವೃತ್ತಿ

ಬ್ಯಾಂಟಿಂಗ್ ಮನೆತನದವರು ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯಲ್ಲಿ ವ್ಯವಹಾರ ನಡೆಸುತ್ತಿದ್ದರು. ಇಂಗ್ಲೆಂಡಿನಲ್ಲಿ ಅಂತ್ಯಸಂಸ್ಕಾರದ ಏರ್ಪಾಡು ಒಂದು ಪ್ರತ್ಯೇಕ ವೃತ್ತಿ. ಶವಪೆಟ್ಟಿಗೆಯನ್ನು ಸಿದ್ಧಪಡಿಸುವುದು, ಶವವಾಹನ ಮತ್ತು ಕುದುರೆಗಳನ್ನು ಒದಗಿಸುವುದು, ಕಪ್ಪು ಬಟ್ಟೆಯ ಅಲಂಕಾರ, ಮೆರವಣಿಗೆಯ ಕ್ರಮ ಇವೆಲ್ಲವೂ ಈ ವೃತ್ತಿಯವರ ಹೊಣೆ. ಬ್ಯಾಂಟಿಂಗ್ ಮನೆತನಕ್ಕೆ ರಾಜಮನೆತನದ ಅಂತ್ಯಸಂಸ್ಕಾರಗಳನ್ನು ನಡೆಸಿಕೊಡುವ ಅಧಿಕೃತ ಮನ್ನಣೆಯಿತ್ತು. 1820ರಲ್ಲಿ ಮೂರನೆಯ ಜಾರ್ಜ್, 1830ರಲ್ಲಿ ನಾಲ್ಕನೆಯ ಜಾರ್ಜ್, 1852ರಲ್ಲಿ ವೆಲಿಂಗ್ಟನ್ನಿನ ಡ್ಯೂಕ್, 1861ರಲ್ಲಿ ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ ಇವರ ಅಂತ್ಯಸಂಸ್ಕಾರಗಳು ಈ ಮನೆತನದವರ ಕೈಯಿಂದಲೇ ನಡೆದವು. ವಿಲಿಯಂ ಬ್ಯಾಂಟಿಂಗ್ ನಿಧನರಾದ ಅನಂತರವೂ ಈ ಮನ್ನಣೆ ಮುಂದುವರಿಯಿತು. 1901ರಲ್ಲಿ ವಿಕ್ಟೋರಿಯಾ ರಾಣಿಯ ಮತ್ತು 1910ರಲ್ಲಿ ಏಳನೆಯ ಎಡ್ವರ್ಡ್‌ನ ಅಂತ್ಯಸಂಸ್ಕಾರಗಳನ್ನು ಅವರ ವಂಶಜರು ನಡೆಸಿದರು. ಈ ಸಂಬಂಧ 1928ರಲ್ಲಿ ಕೊನೆಗೊಂಡಿತು.

ಸುಮಾರು 50 ವರ್ಷಗಳ ಕಾಲ ಈ ವೃತ್ತಿಯಲ್ಲಿ ದುಡಿದ ಬ್ಯಾಂಟಿಂಗ್ 1850ರ ದಶಕದ ಕೊನೆಯ ವೇಳೆಗೆ ನಿವೃತ್ತರಾಗಿ ಕೆನ್ಸಿಂಗ್ಟನ್ನಿನಲ್ಲಿ ನೆಲಸಿದ್ದರು. ಹಣಕಾಸಿನ ಕೊರತೆಯಿರಲಿಲ್ಲ, ಸಮಾಜದಲ್ಲಿ ಗೌರವವೂ ಇತ್ತು. ಅವರನ್ನು ಕಾಡುತ್ತಿದ್ದುದು ತಮ್ಮ ದೇಹವೇ.

ಸ್ಥೂಲಕಾಯ ಮತ್ತು ಅದರ ಬಾಧೆಗಳು

ಬ್ಯಾಂಟಿಂಗ್ ಅವರ ತಂದೆಯ ಕಡೆಯಲ್ಲಾಗಲಿ ತಾಯಿಯ ಕಡೆಯಲ್ಲಾಗಲಿ ಬೊಜ್ಜಿನ ಪ್ರವೃತ್ತಿ ಇರಲಿಲ್ಲ. ಆದರೂ ದಪ್ಪಗಾಗುವ ಭಯ ಅವರಿಗೆ ಚಿಕ್ಕಂದಿನಿಂದಲೂ ಇತ್ತು. 30ರಿಂದ 40 ವಯಸ್ಸಿನ ನಡುವೆ ಮೈ ತೂಕ ಏರತೊಡಗಿದಾಗ ಅವರು ಎಚ್ಚೆತ್ತು ವೈದ್ಯರ ಬಳಿಗೆ ಹೋದರು. ಅಲ್ಲಿಂದ ಮುಂದೆ ಸುಮಾರು 30 ವರ್ಷಗಳ ಕಾಲ ಅವರು ಕಾಣದ ವೈದ್ಯರಿಲ್ಲ, ಮಾಡದ ಉಪಾಯವಿಲ್ಲ ಎನ್ನಬಹುದು.

ಅವರ ಸ್ನೇಹಿತರಾಗಿದ್ದ ಒಬ್ಬ ಹೆಸರಾಂತ ಶಸ್ತ್ರವೈದ್ಯರು ದೇಹಶ್ರಮವನ್ನು ಸೂಚಿಸಿದರು. ಬ್ಯಾಂಟಿಂಗ್ ಪ್ರತಿದಿನ ಬೆಳಗ್ಗೆ ಒಂದೆರಡು ಗಂಟೆ ಕಾಲ ಭಾರವಾದ ದೋಣಿಯೊಂದನ್ನು ಹುಟ್ಟುಹಾಕಿ ನಡೆಸತೊಡಗಿದರು. ಸ್ನಾಯುಗಳು ಬಲಗೊಂಡವು, ಆದರೆ ಅದರ ಜೊತೆಗೆ ಹಸಿವೆಯೂ ಬೆಳೆಯಿತು. ಹಸಿವೆಗೆ ತಕ್ಕಂತೆ ಉಂಡಾಗ ತೂಕ ಇನ್ನಷ್ಟು ಏರಿತು. ಕೊನೆಗೆ ಸಲಹೆ ಕೊಟ್ಟ ಸ್ನೇಹಿತರೇ ಅದನ್ನು ನಿಲ್ಲಿಸುವಂತೆ ಹೇಳಬೇಕಾಯಿತು. ಅನಂತರ ಸಮುದ್ರದ ಗಾಳಿ, ಸಮುದ್ರಸ್ನಾನ, ಕುದುರೆ ಸವಾರಿ, ಲೆಮಿಂಗ್ಟನ್, ಚೆಲ್ಟ್‌ನಮ್, ಹ್ಯಾರೊಗೇಟ್ ಮೊದಲಾದ ಊರುಗಳ ಖನಿಜ ಜಲದ ಸೇವನೆ, ಲೆಕ್ಕವಿಲ್ಲದಷ್ಟು ಕಷಾಯ ಔಷಧಿಗಳು ಎಲ್ಲವೂ ನಡೆದವು. ವಾರಕ್ಕೆ ಮೂರರವರೆಗೂ ಟರ್ಕಿ ಪದ್ಧತಿಯ ಹಬೆಸ್ನಾನಗಳನ್ನು ಮಾಡಿದರು. ಅವುಗಳಿಂದ ಇಳಿದ ತೂಕ ಒಟ್ಟು 6 ಪೌಂಡ್ ಮಾತ್ರ. ಅರೆಹೊಟ್ಟೆಯ ಪಥ್ಯವನ್ನು ಹಿಡಿದಾಗ ಮೈಮೇಲೆ ಕುರುಗಳೆದ್ದು, ಎರಡು ದೊಡ್ಡ ಕೀವುಗಡ್ಡೆಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಗುಣವಾಗಲೆಂದು ಕೊಟ್ಟ ಪುಷ್ಟಿಕರ ಆಹಾರದಿಂದ ಮತ್ತೆ ದಪ್ಪಗಾದರು. ವಯಸ್ಸಾದಂತೆ ತೂಕ ಏರುವುದು ಸಹಜವೆಂದೂ ತಾನೇ ವರ್ಷಕ್ಕೊಂದು ಪೌಂಡಿನಂತೆ ಏರುತ್ತ ಬಂದಿದ್ದೇನೆಂದೂ ಹೇಳಿ ಸಮಾಧಾನಪಡಿಸಿದ ವೈದ್ಯರೂ ಇದ್ದರು.

1862ರ ಆಗಸ್ಟ್ ವೇಳೆಗೆ 5 ಅಡಿ 5 ಅಂಗುಲ ಎತ್ತರದ ಬ್ಯಾಂಟಿಂಗ್ ಅವರ ತೂಕ 202 ಪೌಂಡ್ (ಸುಮಾರು 92 ಕಿಲೋಗ್ರಾಂ) ಆಗಿತ್ತು. ಬಗ್ಗಿ ಶೂ ದಾರವನ್ನು ಕಟ್ಟಿಕೊಳ್ಳಲು ಆಗುತ್ತಿರಲಿಲ್ಲ. ಮೊಣಕಾಲು ಮತ್ತು ಹರಡಿನ ಮೇಲೆ ಭಾರ ಬೀಳದಿರಲೆಂದು ಮೆಟ್ಟಿಲುಗಳನ್ನು ಹಿಮ್ಮುಖವಾಗಿ, ನಿಧಾನವಾಗಿ ಇಳಿಯುತ್ತಿದ್ದರು. ಹತ್ತುವಾಗ ಏದುಸಿರು ಬರುತ್ತಿತ್ತು. ಹೊಕ್ಕುಳ ಬಳಿ ಹರ್ನಿಯಾ ಆಗಿದ್ದು ಸದಾ ಪಟ್ಟಿ ಕಟ್ಟಿಕೊಂಡಿರಬೇಕಾಗಿತ್ತು. ದೃಷ್ಟಿ ಮಂದವಾಗುತ್ತಿತ್ತು, ಎದೆಯುರಿ ಮತ್ತು ಅಜೀರ್ಣ ತಪ್ಪುತ್ತಿರಲಿಲ್ಲ, ಆಗಾಗ ತಲೆ ಸುತ್ತಿ ಬವಳಿಯೂ ಬರುತ್ತಿತ್ತು.

ದೇಹದ ಈ ತೊಂದರೆಗಳಿಗಿಂತ ಅವರ ಮನಸ್ಸನ್ನು ಹೆಚ್ಚು ಘಾಸಿಗೊಳಿಸಿದ್ದು ಜನರ ಅಪಹಾಸ್ಯ. ಸಾರ್ವಜನಿಕ ಸಭೆಗಳಲ್ಲಿ, ಬಾಡಿಗೆ ಬಂಡಿಗಳಲ್ಲಿ, ಬೀದಿಯಲ್ಲಿ ಜನರು ಆಡುವ ಚುಚ್ಚುಮಾತುಗಳಿಗೆ ಹೆದರಿ ಅವರು ಹೊರಗೆ ಹೋಗುವುದನ್ನೇ ಕಡಿಮೆ ಮಾಡಿದ್ದರು. ಬೊಜ್ಜಿನವರು ಎದುರಿಸುವ ಈ ಮಾನಸಿಕ ಹಿಂಸೆಯನ್ನು ಸಂಕೋಚವಿಲ್ಲದೆ ಬರೆದು ತೋರಿಸಿದ್ದು ಅವರ ಹೊತ್ತಗೆಯ ಒಂದು ವಿಶೇಷ. ಬೊಜ್ಜು ಹೊಟ್ಟೆಬಾಕತನಕ್ಕೂ ಸೋಮಾರಿತನಕ್ಕೂ ದೊರೆತ ಶಿಕ್ಷೆಯೆಂದು ಅಂದಿನ ಸಮಾಜ ನಂಬಿತ್ತು. ಬ್ಯಾಂಟಿಂಗ್ ಇದನ್ನು ಒಪ್ಪಲಿಲ್ಲ. ತಾವು ಅತಿಯಾಗಿ ಉಂಡವರೂ ಅಲ್ಲ, ಕುಳಿತು ಕಾಲ ಕಳೆದವರೂ ಅಲ್ಲ, ನಿರುಪದ್ರವಿಯೆಂದು ಎಲ್ಲರೂ ತಿಳಿದಿದ್ದ ಸಾದಾ ಆಹಾರವನ್ನೇ ವಯಸ್ಸಿಗೆ ಬೇಕಾದುದಕ್ಕಿಂತ ಹೆಚ್ಚಾಗಿ ಸೇವಿಸಿದ್ದೇ ತಮ್ಮ ತಪ್ಪು ಎಂಬುದು ಅವರ ವಾದವಾಗಿತ್ತು.

ಡಾ. ಹಾರ್ವೆಯವರ ಭೇಟಿ

ಬ್ಯಾಂಟಿಂಗ್ ಅವರಿಗೆ ಪರಿಹಾರ ದೊರೆತದ್ದು ಆಕಸ್ಮಿಕವಾಗಿ, ಅದೂ ಬೇರೆಯೇ ಕಾಯಿಲೆಯ ನೆಪದಲ್ಲಿ. 1862ರಲ್ಲಿ ಅವರ ಕಿವಿ ಮಂದವಾಗತೊಡಗಿತು. ಮೊದಲು ಕಂಡ ಕಿವಿಯ ವೈದ್ಯರಿಂದ ಪ್ರಯೋಜನವಾಗಲಿಲ್ಲ. ಅವರು ರಜೆಯ ಮೇಲೆ ಊರಿಗೆ ಹೋಗಿದ್ದ ಕಾರಣ ಬ್ಯಾಂಟಿಂಗ್ ಮತ್ತೊಬ್ಬ ಕಿವಿತಜ್ಞರಾದ ವಿಲಿಯಂ ಹಾರ್ವೆಯವರ ಬಳಿಗೆ ಹೋದರು. (ರಕ್ತ ಪರಿಚಲನೆಯನ್ನು ವಿವರಿಸಿದ 17ನೆಯ ಶತಮಾನದ ವಿಲಿಯಂ ಹಾರ್ವೆ ಬೇರೆ.) ಹಾರ್ವೆಯವರು ಕಿವಿಯನ್ನು ಮಾತ್ರ ನೋಡಿ ಸುಮ್ಮನಾಗಲಿಲ್ಲ. ದೇಹದಲ್ಲಿ ಸೇರಿಕೊಂಡ ಕೊಬ್ಬೇ ಕಿವಿಯ ತೊಂದರೆಗೆ ಮೂಲವೆಂದು ಅವರು ನಿರ್ಣಯಿಸಿದರು.

ಈ ನಿರ್ಣಯದ ಹಿಂದೆ ಪ್ಯಾರಿಸ್ಸಿನಲ್ಲಿ ಕೇಳಿದ ಉಪನ್ಯಾಸಗಳ ನೆನಪಿತ್ತು. 1856ರಲ್ಲಿ ಹಾರ್ವೆಯವರು ಪ್ಯಾರಿಸ್ಸಿಗೆ ಹೋಗಿದ್ದಾಗ ಫ್ರಾನ್ಸಿನ ಪ್ರಸಿದ್ಧ ಶರೀರಕ್ರಿಯಾ ವಿಜ್ಞಾನಿ ಕ್ಲಾಡ್ ಬರ್ನಾರ್ಡ್ ಮಧುಮೇಹವನ್ನು ಕುರಿತು ಮಾಡಿದ ಚರ್ಚೆಯನ್ನು ಕೇಳಿದ್ದರು. ಯಕೃತ್ತು ಪಿತ್ತರಸವನ್ನಷ್ಟೇ ಅಲ್ಲದೆ ಸಕ್ಕರೆಯನ್ನೂ ತಯಾರಿಸುತ್ತದೆಂದು ಬರ್ನಾರ್ಡ್ ತೋರಿಸಿಕೊಟ್ಟಿದ್ದರು. ಮಧುಮೇಹಿಗಳಿಗೆ ಸಕ್ಕರೆ ಮತ್ತು ಪಿಷ್ಟವನ್ನು ಬಿಡಿಸಿ ಮಾಂಸಾಹಾರ ಕೊಟ್ಟರೆ ಮೂತ್ರದಲ್ಲಿ ಸಕ್ಕರೆ ಕಡಿಮೆಯಾಗುತ್ತದೆಂಬುದು ಆಗಲೇ ತಿಳಿದಿತ್ತು. ಇನ್ನೊಂದೆಡೆ, ಸಾಕುಪ್ರಾಣಿಗಳನ್ನು ಕೊಬ್ಬಿಸಲು ರೈತರು ಸಿಹಿ ಮತ್ತು ಹಿಟ್ಟಿನ ಪದಾರ್ಥಗಳನ್ನೇ ತಿನ್ನಿಸುತ್ತಿದ್ದರು. ಈ ಎರಡನ್ನೂ ಜೋಡಿಸಿ ನೋಡಿದ ಹಾರ್ವೆ, ಮಧುಮೇಹಕ್ಕೆ ಹೇಳುವ ಪಥ್ಯವೇ ಬೊಜ್ಜನ್ನೂ ಕರಗಿಸಬೇಕೆಂದು ಊಹಿಸಿದರು. ಬ್ಯಾಂಟಿಂಗ್ ಆ ಊಹೆಯನ್ನು ಪರೀಕ್ಷೆಗೆ ಒಡ್ಡಿದ ರೋಗಿಯಾದರು.

ಆಹಾರದ ಬದಲಾವಣೆ

ಅಲ್ಲಿಯವರೆಗೆ ಬ್ಯಾಂಟಿಂಗ್ ಅವರ ದಿನಚರಿ ಒಬ್ಬ ಅನುಕೂಲಸ್ಥ ಆಂಗ್ಲರದ್ದೇ ಆಗಿತ್ತು. ಬೆಳಗ್ಗೆ ಹಾಲಿನಲ್ಲಿ ನೆನೆಸಿದ ಬ್ರೆಡ್, ಇಲ್ಲವೇ ಧಾರಾಳವಾಗಿ ಹಾಲು ಸಕ್ಕರೆ ಬೆರೆಸಿದ ದೊಡ್ಡ ಲೋಟ ಚಹಾ ಮತ್ತು ಬೆಣ್ಣೆ ಸವರಿದ ಟೋಸ್ಟ್. ಮಧ್ಯಾಹ್ನ ಮಾಂಸ, ಬಿಯರ್, ಬ್ರೆಡ್ ಮತ್ತು ಹಿಟ್ಟಿನ ಸಿಹಿ ತಿನಿಸು. ಸಂಜೆ ಬೆಳಗಿನಂತೆಯೇ ಚಹಾ. ರಾತ್ರಿ ಹಣ್ಣಿನ ಕಡುಬು ಇಲ್ಲವೇ ಮತ್ತೆ ಹಾಲು ಬ್ರೆಡ್. ದಿನದ ನಾಲ್ಕು ಹೊತ್ತಿನಲ್ಲೂ ಸಕ್ಕರೆ ಅಥವಾ ಪಿಷ್ಟ ಇದ್ದೇ ಇರುತ್ತಿತ್ತು. ತಲತಲಾಂತರದಿಂದ ಶ್ರೀಮಂತರ ಪದಾರ್ಥವಾಗಿದ್ದ ಸಕ್ಕರೆ ಆ ಶತಮಾನದಲ್ಲಿ ಬ್ರಿಟನ್ನಿನ ಪ್ರತಿಯೊಂದು ಮನೆಯ ಚಹಾದ ಲೋಟಕ್ಕೂ ಇಳಿದು ಬಂದಿತ್ತೆಂಬುದನ್ನು ಇಲ್ಲಿ ನೆನೆಯಬೇಕು. 1874ರಲ್ಲಿ ಬ್ರಿಟಿಷ್ ಸರ್ಕಾರ ಸಕ್ಕರೆಯ ಮೇಲಿನ ಆಮದು ಸುಂಕವನ್ನು ಪೂರ್ತಿಯಾಗಿ ತೆಗೆದುಹಾಕಿತು.

ಹಾರ್ವೆಯವರು ಬ್ರೆಡ್, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗಡ್ಡೆ ಈ ಆರನ್ನು ಸಾಧ್ಯವಾದಷ್ಟೂ ಬಿಡುವಂತೆ ಹೇಳಿದರು. ಬದುಕಿಗೆ ಆಧಾರವೆಂದು ತಿಳಿದಿದ್ದ ಪದಾರ್ಥಗಳೇ ನಿಷಿದ್ಧವಾದಾಗ ಬ್ಯಾಂಟಿಂಗ್ ಮೊದಲು ದಿಗಿಲುಗೊಂಡರು. ಆದರೆ ಪಥ್ಯದ ಪಟ್ಟಿಯನ್ನು ನೋಡಿದಾಗ ಹಸಿವಿನಿಂದ ಇರಬೇಕಾದ ಪ್ರಮೇಯ ಅದರಲ್ಲಿರಲಿಲ್ಲ.

ಬೆಳಗ್ಗೆ 9 ಗಂಟೆಗೆ 4ರಿಂದ 5 ಔನ್ಸ್ ದನದ ಅಥವಾ ಕುರಿಯ ಮಾಂಸ, ಮೂತ್ರಪಿಂಡ, ಸುಟ್ಟ ಮೀನು ಇವುಗಳಲ್ಲಿ ಯಾವುದಾದರೊಂದು, ಹಾಲು ಸಕ್ಕರೆಯಿಲ್ಲದ ಚಹಾ, ಒಂದು ಔನ್ಸ್ (ಸುಮಾರು 28 ಗ್ರಾಂ) ಒಣ ಟೋಸ್ಟ್. ಮಧ್ಯಾಹ್ನ 2 ಗಂಟೆಗೆ 5ರಿಂದ 6 ಔನ್ಸ್ ಮೀನು ಅಥವಾ ಮಾಂಸ, ಆಲೂಗಡ್ಡೆಯನ್ನು ಬಿಟ್ಟು ತರಕಾರಿ, ಒಂದು ಔನ್ಸ್ ಒಣ ಟೋಸ್ಟ್, ಸಿಹಿ ಹಾಕದ ಹಣ್ಣು, ಎರಡು ಮೂರು ಲೋಟ ದ್ರಾಕ್ಷಾರಸದ ಮದ್ಯ. ಸಂಜೆ 6 ಗಂಟೆಗೆ ಸ್ವಲ್ಪ ಹಣ್ಣು, ಒಂದೆರಡು ರಸ್ಕ್, ಸಕ್ಕರೆಯಿಲ್ಲದ ಚಹಾ. ರಾತ್ರಿ 9 ಗಂಟೆಗೆ 3ರಿಂದ 4 ಔನ್ಸ್ ಮಾಂಸ ಅಥವಾ ಮೀನು, ಜೊತೆಗೆ ಒಂದೆರಡು ಲೋಟ ಮದ್ಯ. ಮಲಗುವ ಮುನ್ನ ಬೇಕೆನಿಸಿದರೆ ಸಕ್ಕರೆ ಬೆರೆಸದ ಜಿನ್, ವಿಸ್ಕಿ ಅಥವಾ ಬ್ರಾಂದಿ. ಹಂದಿ ಮತ್ತು ಕರುವಿನ ಮಾಂಸ, ಕೊಬ್ಬಿನ ಮೀನುಗಳು, ಬೀಟ್‌ರೂಟ್ ಮತ್ತು ಕ್ಯಾರೆಟ್‌ನಂತಹ ಗೆಡ್ಡೆಗಳು, ಷಾಂಪೇನ್ ಮತ್ತು ಪೋರ್ಟ್ ಮದ್ಯಗಳು ನಿಷಿದ್ಧವಾಗಿದ್ದವು. ಬೆಳಗ್ಗೆ ಎದ್ದೊಡನೆ ಕುಡಿಯಲು ಆಮ್ಲಶಾಮಕ ಔಷಧಿಯೊಂದನ್ನೂ ಹಾರ್ವೆ ಕೊಟ್ಟಿದ್ದರು.

ಈ ಪಟ್ಟಿಯಲ್ಲಿ ಮದ್ಯದ ಪ್ರಮಾಣ ಇಂದಿನ ಯಾವ ವೈದ್ಯರೂ ಒಪ್ಪದಷ್ಟಿದೆ. ಮಾಂಸವೇ ಪ್ರಧಾನವಾದುದರಿಂದ ಸಸ್ಯಾಹಾರಿಗಳಿಗೆ ಇದು ಹೊಂದುವುದೂ ಇಲ್ಲ. ಆದರೆ ಪಥ್ಯದ ತಿರುಳು ಇರುವುದು ಏನನ್ನು ಉಣ್ಣಬೇಕೆಂಬುದರಲ್ಲಿ ಅಲ್ಲ, ಏನನ್ನು ಬಿಡಬೇಕೆಂಬುದರಲ್ಲಿ. ಬ್ಯಾಂಟಿಂಗ್ ಅವರು ಒತ್ತಿ ಹೇಳಿದ್ದು ಕೂಡ ಇದನ್ನೇ: ಪ್ರಮಾಣವನ್ನು ಹಸಿವೆಗೆ ಬಿಡಬಹುದು, ಆಹಾರದ ಬಗೆಯನ್ನು ಮಾತ್ರ ಬಿಗಿಯಾಗಿ ನೋಡಿಕೊಳ್ಳಬೇಕು. ಇದನ್ನು ವಿವರಿಸಲು ಅವರು ಕುದುರೆಯ ಹೋಲಿಕೆಯನ್ನು ಬಳಸಿದರು. ಕುದುರೆಗೆ ಅಪರೂಪಕ್ಕೆ ಉಪಯುಕ್ತವಾದ ಕಾಳು ನಿತ್ಯದ ಆಹಾರವಾದರೆ ಕೆಡುಕು ಮಾಡುವಂತೆ, ಯೌವನದಲ್ಲಿ ಅರಗುವ ಕೆಲವು ಪದಾರ್ಥಗಳು ವಯಸ್ಸಾದ ಮೇಲೆ ಮನುಷ್ಯನಿಗೆ ಹಾನಿಕರವೆಂಬುದು ಅದರ ತಾತ್ಪರ್ಯ.

ಪರಿಣಾಮ

ಜೀವನದುದ್ದಕ್ಕೂ ಲೆಕ್ಕಪತ್ರ ನೋಡಿಕೊಂಡು ಬಂದಿದ್ದ ಬ್ಯಾಂಟಿಂಗ್ ತಮ್ಮ ತೂಕವನ್ನೂ ಅದೇ ಶ್ರದ್ಧೆಯಿಂದ ದಿನಾಂಕ ಸಹಿತ ಬರೆದಿಟ್ಟರು. 1862ರ ಆಗಸ್ಟ್ 26ರಂದು 202 ಪೌಂಡ್ ಇದ್ದ ತೂಕ ಡಿಸೆಂಬರ್ 24ರಂದು 184ಕ್ಕೂ, 1863ರ ಮೇ 20ರಂದು 167ಕ್ಕೂ, ಸೆಪ್ಟೆಂಬರ್ 12ರಂದು 156 ಪೌಂಡಿಗೂ (ಸುಮಾರು 71 ಕಿಲೋಗ್ರಾಂ) ಇಳಿಯಿತು. ಸೊಂಟದ ಸುತ್ತಳತೆ 12¼ ಅಂಗುಲ ಕಡಿಮೆಯಾಯಿತು. ವಾರಕ್ಕೆ ಸರಾಸರಿ ಒಂದು ಪೌಂಡಿಗೂ ಕಡಿಮೆಯೇ ಆದ ಈ ಇಳಿತ ಆತುರದ್ದಲ್ಲ. ಇಂದಿನ ದೇಹತೂಕ ಸೂಚ್ಯಂಕದ ಪ್ರಕಾರ ಲೆಕ್ಕ ಹಾಕಿದರೆ ಅವರು ಸುಮಾರು 34ರಿಂದ 26ಕ್ಕೆ ಇಳಿದರು. ಎಂದರೆ ಕೊನೆಯಲ್ಲಿಯೂ ತೆಳ್ಳಗಾಗಲಿಲ್ಲ, ಆದರೆ ಆರೋಗ್ಯವಂತರಾದರು.

ಕಿವಿ ಮತ್ತೆ ಚೆನ್ನಾಗಿ ಕೇಳಿಸತೊಡಗಿತು. ಮೆಟ್ಟಿಲುಗಳನ್ನು ಎಲ್ಲರಂತೆ ಮುಮ್ಮುಖವಾಗಿ ಇಳಿಯತೊಡಗಿದರು. ಶೂ ಹಾಕಿಕೊಳ್ಳಲು ಬಳಸುತ್ತಿದ್ದ ಕೊಕ್ಕೆ ಮೂಲೆ ಸೇರಿತು. ಹರ್ನಿಯಾದ ಬಾಧೆ ತಗ್ಗಿತು, ಬವಳಿ ನಿಂತಿತು. ಹಳೆಯ ಉಡುಪುಗಳನ್ನು ಈಗ ತೊಟ್ಟ ಉಡುಪಿನ ಮೇಲೆಯೇ ತೊಡಬಹುದಾಗಿತ್ತು. ಕಳೆದ 20 ವರ್ಷಗಳಲ್ಲಿ ಇಷ್ಟು ಉಲ್ಲಾಸದಿಂದ ಇದ್ದ ನೆನಪೇ ಇಲ್ಲವೆಂಬರ್ಥದ ಮಾತುಗಳನ್ನು ಅವರು ಬರೆದಿದ್ದಾರೆ. ಜನರ ನಡುವೆ ಹೋಗಲು ಅಂಜುತ್ತಿದ್ದ ವ್ಯಕ್ತಿ ತಮ್ಮ ಹೊಟ್ಟೆಯ ಸುತ್ತಳತೆಯನ್ನು ಊರಿಗೆಲ್ಲ ಸಾರುವಷ್ಟು ನಿರಾಳರಾದುದೇ ಮನಸ್ಸಿನ ಬದಲಾವಣೆಗೆ ಒಳ್ಳೆಯ ಸಾಕ್ಷಿ.

ಮುಂದಿನ ವರ್ಷಗಳಲ್ಲಿ ಬ್ಯಾಂಟಿಂಗ್ ತಮ್ಮ ಮೇಲೆಯೇ ಪ್ರಯೋಗಗಳನ್ನು ಮುಂದುವರಿಸಿದರು. ಬಿಟ್ಟಿದ್ದ ಪದಾರ್ಥಗಳನ್ನು ಮತ್ತೆ ಸೇವಿಸಿ ತೂಕ ನೋಡಿಕೊಂಡರು. ಒಂದು ವಾರದಲ್ಲಿ ಒಟ್ಟು 5 ಔನ್ಸ್ (ಸುಮಾರು 140 ಗ್ರಾಂ) ಸಕ್ಕರೆ ಸೇರಿಸಿದರೂ ಸುಮಾರು ಒಂದು ಪೌಂಡ್ ತೂಕ ಏರುವುದೆಂದು ಅವರು ದಾಖಲಿಸಿದರು. ಎಲ್ಲಕ್ಕಿಂತ ಹೆಚ್ಚು ಹಾನಿಕರವಾದುದು ಸಕ್ಕರೆಯೇ ಎಂಬ ಅವರ ತೀರ್ಮಾನಕ್ಕೆ ಇದೇ ಆಧಾರ. ಅಷ್ಟು ಸಕ್ಕರೆಯಿಂದ ಅಷ್ಟು ಕೊಬ್ಬು ಬೆಳೆಯಲಾರದೆಂಬುದು ಇಂದು ತಿಳಿದಿದೆ. ಶರ್ಕರಪಿಷ್ಟ ಸೇರಿದಾಗ ದೇಹದಲ್ಲಿ ನೀರೂ ನಿಲ್ಲುತ್ತದೆ, ಏರಿದ ತೂಕದಲ್ಲಿ ಅದರ ಪಾಲು ದೊಡ್ಡದು. ಅವರ ಅಳತೆ ಸರಿಯಾಗಿದ್ದರೂ ಅದಕ್ಕೆ ಕೊಟ್ಟ ಅರ್ಥವನ್ನು ಇಂದು ಹಾಗೆಯೇ ಒಪ್ಪಲಾಗದು.

ಕಿರುಹೊತ್ತಗೆಯ ಪ್ರಕಟಣೆ

ತಮಗೆ ದೊರೆತ ಉಪಶಮನ ಇತರರಿಗೂ ದೊರೆಯಲೆಂದು ಬ್ಯಾಂಟಿಂಗ್ ಬಯಸಿದರು. 'ದಿ ಲಾನ್ಸೆಟ್' ವೈದ್ಯಕೀಯ ಪತ್ರಿಕೆಗೆ ಬರೆಯಬೇಕೆಂಬುದು ಅವರ ಮೊದಲ ಆಲೋಚನೆಯಾಗಿತ್ತು. ವೈದ್ಯರಲ್ಲದ ಸಾಮಾನ್ಯನ ಪತ್ರವನ್ನು ಅಲ್ಲಿ ಯಾರು ಗಮನಿಸುವರೆಂದು ಸಂಶಯಪಟ್ಟು, ಸ್ವಂತ ಖರ್ಚಿನಲ್ಲಿಯೇ ಮುದ್ರಿಸಿ ಹಂಚಲು ನಿರ್ಧರಿಸಿದರು. 1863ರಲ್ಲಿ ಬಂದ ಮೊದಲ ಎರಡು ಆವೃತ್ತಿಗಳನ್ನು ಉಚಿತವಾಗಿಯೇ ಕೊಟ್ಟರು. ಬೇಡಿಕೆ ತಡೆಯಲಾಗದಷ್ಟಾದಾಗ 1864ರಲ್ಲಿ ಮೂರನೆಯ ಆವೃತ್ತಿಯನ್ನು ಬೆಲೆಯಿಟ್ಟು ಮಾರಿಸಿ, ಬಂದ ಲಾಭವನ್ನು ದಾನಕಾರ್ಯಗಳಿಗೆ ವಿನಿಯೋಗಿಸಿದರು. ನಾಲ್ಕನೆಯ ಆವೃತ್ತಿ 1869ರಲ್ಲಿ ಬಂದಿತು. ಹಾರ್ವೆಯವರಿಗೆ ಶುಲ್ಕವನ್ನು ಸಲ್ಲಿಸಿದ್ದಲ್ಲದೆ ಆಸ್ಪತ್ರೆಯ ರೋಗಿಗಳಿಗಾಗಿ 50 ಪೌಂಡ್ ಹಣವನ್ನೂ ಅವರ ಕೈಗೆ ಕೊಟ್ಟರು.

ಹೊತ್ತಗೆ ಚಿಕ್ಕದು, ಭಾಷೆ ಸರಳ. ವ್ಯಾಪಾರಿಯೊಬ್ಬರು ಗೆಳೆಯರಿಗೆ ಬರೆದ ಕಾಗದದಂತಿದೆ. ಅದರ ಜನಪ್ರಿಯತೆಗೆ ಈ ಸರಳತೆಯೇ ಮುಖ್ಯ ಕಾರಣವೆನ್ನಬೇಕು. ಪಿಷ್ಟ ಮತ್ತು ಸಿಹಿಯಿಂದ ಬೊಜ್ಜು ಬರುತ್ತದೆಂದು ಫ್ರಾನ್ಸಿನ ಬ್ರಿಯಾ-ಸವಾರನ್ 1825ರಷ್ಟು ಹಿಂದೆಯೇ ಬರೆದಿದ್ದರು. ಆದುದರಿಂದ ವಿಷಯ ಹೊಸದಾಗಿರಲಿಲ್ಲ. ಹೊಸದಾಗಿದ್ದದ್ದು ರೋಗಿಯೇ ಮಾತನಾಡಿದ್ದು.

ಟೀಕೆಗಳು

ಪುಸ್ತಕ ಹರಡಿದಂತೆ ವಿರೋಧವೂ ಬೆಳೆಯಿತು. 1864ರಲ್ಲಿ ಲಾನ್ಸೆಟ್ ಪತ್ರಿಕೆಯು ವೈದ್ಯಕೀಯ ವಿಷಯದಲ್ಲಿ ಕೈಹಾಕಿದ್ದಕ್ಕಾಗಿ ಬ್ಯಾಂಟಿಂಗ್ ಅವರನ್ನು ಟೀಕಿಸಿತು. 'ಬ್ಲ್ಯಾಕ್‌ವುಡ್ಸ್ ಮ್ಯಾಗಜೀನ್' ಅದೇ ವರ್ಷ ವ್ಯಂಗ್ಯ ಬೆರೆತ ದೀರ್ಘ ವಿಮರ್ಶೆಯನ್ನು ಪ್ರಕಟಿಸಿತು. ಇದರಲ್ಲಿ ಹೊಸದೇನೂ ಇಲ್ಲವೆಂದು ಕೆಲವರು ಹೇಳಿದರೆ, ಇದು ಅಪಾಯಕಾರಿಯೆಂದು ಇನ್ನು ಕೆಲವರು ಹೇಳಿದರು. ಎರಡೂ ಆಕ್ಷೇಪಗಳು ಒಟ್ಟಿಗೆ ನಿಲ್ಲುವುದು ಕಷ್ಟ.

ಹೆಚ್ಚು ಪೆಟ್ಟು ತಿಂದವರು ಹಾರ್ವೆಯವರು. ಮೊದಲ ಆವೃತ್ತಿಯಲ್ಲಿ ಅವರ ಹೆಸರಿರಲಿಲ್ಲ. ಹೆಸರು ಹೊರಬಂದ ಮೇಲೆ ಸಹೋದ್ಯೋಗಿಗಳ ಅಪಹಾಸ್ಯಕ್ಕೆ ಗುರಿಯಾದರು. ಪಥ್ಯವು ಫಲಿಸಿದ್ದು ನಿಜವಾದರೂ ಅದು ಏಕೆ ಫಲಿಸಿತೆಂಬುದನ್ನು ಅಂದಿನ ರಸಾಯನಶಾಸ್ತ್ರಕ್ಕೆ ಒಪ್ಪಿಗೆಯಾಗುವಂತೆ ವಿವರಿಸಲು ಅವರಿಗೆ ಸಾಧ್ಯವಾಗಲಿಲ್ಲ. ಅವರು ತಮ್ಮ ಸಮರ್ಥನೆಯನ್ನು ಪುಸ್ತಕವಾಗಿ ಬರೆದು 1872ರಲ್ಲಿ ಪ್ರಕಟಿಸಿದರು.

ಟೀಕೆಗಳಲ್ಲಿ ಹುರುಳಿರುವವೂ ಇದ್ದವು. ಒಬ್ಬ ವ್ಯಕ್ತಿಯ ಅನುಭವ ಎಲ್ಲರಿಗೂ ಪ್ರಮಾಣವಾಗಲಾರದು. ಬ್ಯಾಂಟಿಂಗ್ ಒಂದೇ ಪದಾರ್ಥವನ್ನು ಬಿಡಲಿಲ್ಲ. ಸಕ್ಕರೆ, ಹಿಟ್ಟಿನ ತಿನಿಸು, ಬಿಯರ್ ಎಲ್ಲವನ್ನೂ ಒಟ್ಟಿಗೆ ಕಡಿತಗೊಳಿಸಿದಾಗ ದಿನದ ಒಟ್ಟು ಆಹಾರಶಕ್ತಿಯೂ ಇಳಿದಿರಲೇಬೇಕು. ಇಳಿಕೆಗೆ ಕಾರಣ ಪದಾರ್ಥದ ಬಗೆಯೋ ಪ್ರಮಾಣವೋ ಎಂಬುದು ಅವರ ದಾಖಲೆಗಳಿಂದ ನಿರ್ಣಯವಾಗುವುದಿಲ್ಲ. ಈ ಚರ್ಚೆ ಇಂದಿಗೂ ಪೂರ್ತಿಯಾಗಿ ಮುಗಿದಿಲ್ಲ.

ನಂತರದ ಪ್ರಭಾವ

ಹೊತ್ತಗೆಯು ಯುರೋಪಿನ ಇತರ ಭಾಷೆಗಳಿಗೆ ಅನುವಾದಗೊಂಡಿತು. ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ಪ್ರಾಧ್ಯಾಪಕರಾಗಿದ್ದ ಫೆಲಿಕ್ಸ್ ಫಾನ್ ನೀಮೆಯರ್ ಕೊಬ್ಬನ್ನೂ ಕಡಿತಗೊಳಿಸಿ, ಪ್ರೋಟೀನು ಹೆಚ್ಚಾಗಿರುವ ಪರಿಷ್ಕೃತ ರೂಪವನ್ನು ಪ್ರಚಾರ ಮಾಡಿದರು. ವಿಲ್‌ಹೆಲ್ಮ್ ಎಬ್‌ಸ್ಟೈನ್ 1880ರ ದಶಕದಲ್ಲಿ ಇದಕ್ಕೆ ವಿರುದ್ಧವಾಗಿ ಕೊಬ್ಬಿಗೆ ಅವಕಾಶವಿರುವ ಪಥ್ಯವನ್ನು ಮುಂದಿಟ್ಟರು. ಹೀಗೆ ಒಂದೇ ಮೂಲದಿಂದ ಹೊರಟ ಎರಡು ದಾರಿಗಳು ಬೇರೆ ಬೇರೆಯಾದವು.

20ನೆಯ ಶತಮಾನದ ಆರಂಭದಲ್ಲಿ ಕ್ಯಾಲೊರಿ ಎಣಿಕೆಯ ಪದ್ಧತಿ ಬಳಕೆಗೆ ಬಂದು ಬ್ಯಾಂಟಿಂಗ್ ಪಥ್ಯ ಹಿಂದೆ ಸರಿಯಿತು. ಬ್ರಿಟನ್ನಿನ ಪೋಷಣ ವಿಜ್ಞಾನಿ ಜಾನ್ ಯುಡ್ಕಿನ್ 1972ರಲ್ಲಿ ಸಕ್ಕರೆಯ ಹಾನಿಗಳನ್ನು ಕುರಿತು 'ಪ್ಯೂರ್, ವೈಟ್ ಅಂಡ್ ಡೆಡ್ಲಿ' ಎಂಬ ಪುಸ್ತಕವನ್ನು ಬರೆದರು. ಅದೇ ವರ್ಷ ಅಮೆರಿಕದ ರಾಬರ್ಟ್ ಆಟ್ಕಿನ್ಸ್ ಅವರ ಶರ್ಕರಪಿಷ್ಟ ವಿರೋಧಿ ಪಥ್ಯದ ಪುಸ್ತಕವೂ ಬಂದಿತು. 21ನೆಯ ಶತಮಾನದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬ್ಯಾಂಟಿಂಗ್ ಅವರ ಹೆಸರಿನಲ್ಲಿಯೇ ಇಂತಹ ಪಥ್ಯವೊಂದು ಮತ್ತೆ ಪ್ರಚಾರಕ್ಕೆ ಬಂದು ಅಲ್ಲಿಯೂ ವಾದವಿವಾದಗಳಿಗೆ ಕಾರಣವಾಯಿತು. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಹೊರತಂದ ಮಾರ್ಗಸೂಚಿಯು, ಆಹಾರ ಮತ್ತು ಪಾನೀಯಗಳಿಗೆ ಬೆರೆಸುವ ಸಕ್ಕರೆ ಹಾಗೂ ಜೇನು, ಹಣ್ಣಿನ ರಸಗಳಲ್ಲಿರುವ ಸಕ್ಕರೆ ದಿನದ ಆಹಾರಶಕ್ತಿಯ ಶೇಕಡ 10ನ್ನು ಮೀರಬಾರದೆಂದೂ ಶೇಕಡ 5ಕ್ಕಿಂತ ಕಡಿಮೆಯಿದ್ದರೆ (ದಿನಕ್ಕೆ ಸುಮಾರು 25 ಗ್ರಾಂ) ಇನ್ನೂ ಒಳಿತೆಂದೂ ಸೂಚಿಸುತ್ತದೆ. ಈ ಮಾರ್ಗಸೂಚಿಗೂ ಬ್ಯಾಂಟಿಂಗ್ ಪಥ್ಯಕ್ಕೂ ನೇರ ಸಂಬಂಧವಿಲ್ಲ. ಆದರೆ ಸಕ್ಕರೆಯ ವಿಷಯದಲ್ಲಿ ಅವರ ಸಂಶಯ ನಿರಾಧಾರವಾಗಿರಲಿಲ್ಲವೆಂಬುದನ್ನು ಇದು ತೋರಿಸುತ್ತದೆ. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವವರು ಶರ್ಕರಪಿಷ್ಟವನ್ನು ಥಟ್ಟನೆ ಬಿಟ್ಟರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದಾದುದರಿಂದ ಇಂತಹ ಪಥ್ಯವನ್ನು ವೈದ್ಯರ ಸಲಹೆಯಿಲ್ಲದೆ ಆರಂಭಿಸಬಾರದು.

ನಿಧನ

ಬ್ಯಾಂಟಿಂಗ್ 1878ರ ಮಾರ್ಚ್ 16ರಂದು ತಮ್ಮ 81ನೆಯ ವಯಸ್ಸಿನಲ್ಲಿ ಲಂಡನ್ನಿನಲ್ಲಿ ನಿಧನರಾದರು. ಅವರನ್ನು ಅಲ್ಲಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು. ಪಥ್ಯವನ್ನು ಆರಂಭಿಸಿದ ಮೇಲೆ ಅವರು 15 ವರ್ಷಗಳಿಗೂ ಹೆಚ್ಚು ಕಾಲ ಬದುಕಿದ್ದರು.

ಹೆಸರಿನ ಬಳಕೆ

ಬ್ಯಾಂಟಿಂಗ್ ಬದುಕಿದ್ದಾಗಲೇ ಅವರ ಹೆಸರು ಪಥ್ಯಕ್ಕೆ ಪರ್ಯಾಯ ಪದವಾಯಿತು. 'ಬ್ಯಾಂಟಿಂಗ್' ಎಂಬ ಮನೆತನದ ಹೆಸರಿನ ಕೊನೆಯ ಅಂಶ ಇಂಗ್ಲಿಷಿನ ಕ್ರಿಯಾರೂಪದಂತೆ ಕೇಳಿಸುವುದರಿಂದ ಜನರು ಅದರಿಂದ 'ಬ್ಯಾಂಟ್' ಎಂಬ ಧಾತುವನ್ನೇ ಮಾಡಿಕೊಂಡರು. ಇಂಗ್ಲಿಷಿನಲ್ಲಿ ಅದು ಕಾಲಕ್ರಮದಲ್ಲಿ ಬಳಕೆ ತಪ್ಪಿತು. ಸ್ವೀಡಿಷ್ ಭಾಷೆಯಲ್ಲಿ ಮಾತ್ರ ತೂಕ ಇಳಿಸಲು ಪಥ್ಯ ಮಾಡುವುದಕ್ಕೆ 'ಬಾಂಟಾ' ಎಂಬ ಪದ ಇಂದಿಗೂ ದಿನಬಳಕೆಯಲ್ಲಿದೆ.

1921ರಲ್ಲಿ ಇನ್ಸುಲಿನ್ನಿನ ಶೋಧದಲ್ಲಿ ಮುಖ್ಯ ಪಾತ್ರ ವಹಿಸಿ 1923ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಕೆನಡಾದ ಫ್ರೆಡರಿಕ್ ಬ್ಯಾಂಟಿಂಗ್ ಬೇರೆ ವ್ಯಕ್ತಿ. ಅವರು ವಿಲಿಯಂ ಬ್ಯಾಂಟಿಂಗ್ ಅವರ ದೂರದ ಸಂಬಂಧಿಯೆಂದು ಹೇಳಲಾಗುತ್ತದೆ. ಇಬ್ಬರ ಹೆಸರೂ ಸಕ್ಕರೆಗೆ ಸಂಬಂಧಿಸಿದ ವಿಷಯದಲ್ಲಿಯೇ ಬರುವುದರಿಂದ ಒಬ್ಬರನ್ನು ಮತ್ತೊಬ್ಬರೆಂದು ತಿಳಿಯುವ ತಪ್ಪು ಆಗಾಗ ಕಂಡುಬರುತ್ತದೆ.